ಹಾರ್ಲೆಮಿನ ಆರು ಭಾನುವಾರ

1969ರ ಬೇಸಿಗೆ ಅಂದರೆ ಅಮೆರಿಕದ ಚರಿತ್ರೆ ಬರೆಯುವವರು ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತಾರೆ. ಒಂದು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು. ಇನ್ನೊಂದು, ವುಡ್‌ಸ್ಟಾಕ್. ಆಗಸ್ಟ್ 15ರಿಂದ ಒಂದು ಹೊಲದಲ್ಲಿ ಸುಮಾರು ನಾಲ್ಕು ಲಕ್ಷ ಹುಡುಗ ಹುಡುಗಿಯರು ಮಳೆಯಲ್ಲಿ ನೆನೆದು, ಕೆಸರಲ್ಲಿ ಕೂತು ಹಾಡು ಕೇಳಿದರು. ಬಹುಪಾಲು ಬಿಳಿಯರ ಮಕ್ಕಳು. ಮರುವರ್ಷವೇ ಅದು ಸಿನಿಮಾ ಆಯಿತು. ಆ ಸಿನಿಮಾಕ್ಕೆ ಆಸ್ಕರೂ ಬಂತು.

ಅಲ್ಲಿಂದ ಸುಮಾರು ನೂರು ಮೈಲಿ ದೂರದ ನ್ಯೂಯಾರ್ಕ್ ನಗರದೊಳಗೆ ಹಾರ್ಲೆಮ್ ಇದೆ. ನಮ್ಮ ಮಾತಲ್ಲಿ ಹೇಳೋದಾದರೆ ಕಪ್ಪು ಜನರ ಕೇರಿ. ಅದೇ ಬೇಸಿಗೆ, ಜೂನ್ 29ರಿಂದ ಆಗಸ್ಟ್ 24ರ ನಡುವೆ, ಅಲ್ಲಿನ ಮೌಂಟ್ ಮಾರಿಸ್ ಪಾರ್ಕಿನಲ್ಲಿ ಆರು ಭಾನುವಾರ ಹಾಡಿನ ಜಾತ್ರೆ ನಡೆಯಿತು. ಟಿಕೆಟ್ ಇಲ್ಲ, ಚೀಟಿ ಇಲ್ಲ. ಒಟ್ಟು ಸುಮಾರು ಮೂರು ಲಕ್ಷ ಜನ ಬಂದರು. ಮುದುಕಿಯರು, ಕೂಲಿಯವರು, ಕಂಕುಳಲ್ಲಿ ಕೂಸು ಕಟ್ಟಿಕೊಂಡವರು. ಜಾಗ ಸಾಲದೆ ಮರ ಹತ್ತಿದವರೂ ಇದ್ದರು. ಇದು ಎಷ್ಟು ಪುಸ್ತಕದಲ್ಲಿದೆ, ಹುಡುಕಿ ನೋಡಿ ಗೆಳೆಯರೇ.

ಬಿಟ್ಟಿ ಅನ್ನೋ ಮಾತು ನಮ್ಮ ಕಿವಿಗೆ ಬೇರೆ ಥರಾನೇ ಕೇಳುತ್ತೆ. ನಗರದವರಿಗೆ ಬಿಟ್ಟಿ ಅಂದರೆ ಕಾಸಿಲ್ಲದೆ ಸಿಗುವುದು. ನಮಗೆ ಬಿಟ್ಟಿ ಅಂದರೆ ಕಾಸಿಲ್ಲದೆ ದುಡಿಯುವುದು. ನಮ್ಮ ತಾತ ಊರಹಬ್ಬಕ್ಕೆ ತಮಟೆ ಬಡಿದದ್ದು ಬಿಟ್ಟಿಯಾಗೇ. ಗುಡಿಯಿಂದ ದೂರ ನಿಂತು ಬಡಿಯೋದು, ಆಮೇಲೆ ಸೆರಗಿಗೋ ಮಂಕರಿಗೋ ಹಾಕಿದ ತಂಗಳು ಮುದ್ದೆ ತರೋದು. ಅದಕ್ಕೇ ಯಾವ ಪುಕ್ಕಟೆ ಕಚೇರಿ ಕಂಡರೂ ನಾನು ಕೇಳೋದು ಒಂದೇ: ದುಡ್ಡು ಯಾರದು, ಬೆವರು ಯಾರದು?

ಹಾರ್ಲೆಮಿನ ದುಡ್ಡು ಮ್ಯಾಕ್ಸ್‌ವೆಲ್ ಹೌಸ್ ಅನ್ನೋ ಕಾಫಿ ಕಂಪನಿಯದು. ಜೊತೆಗೆ ನಗರಾಡಳಿತ ನಿಂತಿತ್ತು. ಮೇಯರ್ ಜಾನ್ ಲಿಂಡ್ಸೆ ತಾನೇ ವೇದಿಕೆ ಹತ್ತಿದ. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ನನ್ನು ಕೊಂದ ಮೇಲೆ ನಗರಗಳು ಉರಿದಿದ್ದವು. ಈ ಬೇಸಿಗೆಯಲ್ಲಿ ಹಾರ್ಲೆಮ್ ಉರಿಯದಿರಲಿ ಅಂತಲೇ ಹಾಡು ಇಟ್ಟರು ಅನ್ನುವವರುಂಟು. ಇರಬಹುದು. ಆದರೆ ಕಟ್ಟಿದವನು ಟೋನಿ ಲಾರೆನ್ಸ್ ಅನ್ನೋ ಕಪ್ಪು ಹಾಡುಗಾರ. 1967ರಿಂದ ಓಡಾಡಿ, ಅವರಿವರನ್ನು ಕಾಡಿ ಬೇಡಿ ಬೆಳೆಸಿದ್ದ. ಕಾವಲಿಗೆ ಬ್ಲ್ಯಾಕ್ ಪ್ಯಾಂಥರರೂ ನಿಂತರು. ಆ ಏಪ್ರಿಲಿನಲ್ಲಷ್ಟೇ ನ್ಯೂಯಾರ್ಕಿನ 21 ಪ್ಯಾಂಥರರ ಮೇಲೆ ಬಾಂಬಿನ ಸಂಚಿನ ಮೊಕದ್ದಮೆ ಬಿದ್ದಿತ್ತು. 1971ರ ಮೇ ತಿಂಗಳಲ್ಲಿ, ವಿಚಾರಣೆ ಮುಗಿಯುವ ಹೊತ್ತಿಗೆ ಕಟಕಟೆಯಲ್ಲಿದ್ದ 13 ಮಂದಿಯೂ ಖುಲಾಸೆಯಾದರು. ಈ ಪ್ಯಾಂಥರರ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮಗಿಟ್ಟುಕೊಂಡದ್ದು.

ಹಾಡಿದವರು ಸಾಮಾನ್ಯರಲ್ಲ. ಬಿ. ಬಿ. ಕಿಂಗ್, ನೀನಾ ಸಿಮೋನ್, ಇನ್ನೂ ಹತ್ತೊಂಬತ್ತು ವರ್ಷದ ಸ್ಟೀವಿ ವಂಡರ್. ಒಂದು ಭಾನುವಾರ ಮಹಾಲಿಯಾ ಜಾಕ್ಸನ್ ಬಂದಳು. ಮೈಗೆ ಹುಷಾರಿರಲಿಲ್ಲ. ಕಿಂಗ್‌ಗೆ ಬಹಳ ಇಷ್ಟವಾದ ಪ್ರಾರ್ಥನೆಯ ಹಾಡು ಹಾಡಬೇಕಿತ್ತು. ಗುಂಡು ಬೀಳುವ ಮುಂಚಿನ ಗಳಿಗೆಯಲ್ಲಿ ಅವನು, ರಾತ್ರಿ ಅದನ್ನೇ ನುಡಿಸಪ್ಪ ಅಂತ ಒಬ್ಬ ವಾದ್ಯಗಾರನಿಗೆ ಹೇಳಿದ್ದ. ಮಹಾಲಿಯಾ ಪಕ್ಕದಲ್ಲಿದ್ದ ಚಿಕ್ಕವಳು ಮೇವಿಸ್ ಸ್ಟೇಪಲ್ಸ್‌ಗೆ ನೀನೇ ಶುರು ಮಾಡು ಅಂದಳು. ಮೇವಿಸ್ ಎತ್ತಿಕೊಂಡಳು. ಅಮೇಲೆ ಮಹಾಲಿಯಾ ತಡೆಯಲಾರದೆ ಸೇರಿಕೊಂಡಳು. ಒಂದೇ ಮೈಕನ್ನು ಇಬ್ಬರೂ ಹಿಡಿದು ಕೂಗಿದ್ದನ್ನು ನೋಡಿದರೆ, ಹೆಣದ ಮುಂದೆ ಕೂತು ನಮ್ಮ ಅವ್ವಂದಿರು ಎದೆ ಬಡಿದುಕೊಂಡು ಹಾಡಿ ಅಳೋದು ನೆನಪಾಗುತ್ತೆ. ಅದಕ್ಕೆ ಯಾವ ರಾಗ ಅಂತ ಕೇಳಬೇಡಿ.

ಜುಲೈ 20 ಕೂಡ ಭಾನುವಾರವೇ. ಅತ್ತ ಮನುಷ್ಯ ಚಂದ್ರನ ಮೇಲಿಳಿದ; ಇತ್ತ ಪಾರ್ಕು ತುಂಬಿತ್ತು. ಟಿವಿಯವರು ಬಂದು ಜನರನ್ನು ಕೇಳಿದರು. ಆ ದುಡ್ಡನ್ನು ಹಾರ್ಲೆಮಿನ ಹಸಿದವರಿಗೆ ಕೊಡಬಹುದಿತ್ತಲ್ಲ ಅಂತ ಒಬ್ಬ ನೇರವಾಗಿ ಅಂದ.

ಇದೆಲ್ಲ ಇವತ್ತು ನಮಗೆ ಹೇಗೆ ಗೊತ್ತು? ಹಾಲ್ ಟಲ್ಚಿನ್ ಅನ್ನೋ ಬಿಳಿಯ ಟಿವಿ ನಿರ್ದೇಶಕ ಚಿತ್ರೀಕರಿಸಿದ್ದಕ್ಕೆ. ಲೈಟಿಗೆ ದುಡ್ಡಿರಲಿಲ್ಲ. ಹಾಗಾಗಿ ವೇದಿಕೆಯನ್ನು ಪಡುವಣಕ್ಕೆ ಮುಖ ಮಾಡಿ ಕಟ್ಟಿಸಿದ. ಇಳಿಹೊತ್ತಿನ ಬಿಸಿಲೇ ದೀಪ. ಎರಡಿಂಚು ಅಗಲದ ವೀಡಿಯೊ ಟೇಪಿನಲ್ಲಿ ಸುಮಾರು 40 ಗಂಟೆ ಹಿಡಿದ. ಆ ಟೇಪು ದುಬಾರಿ. ಟಿವಿ ಕಂಪನಿಗಳು ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬುತ್ತಿದ್ದ ಕಾಲ ಅದು. ಇವನು ಅಳಿಸಲಿಲ್ಲ.

ಏನೂ ಪ್ರಸಾರವೇ ಆಗಲಿಲ್ಲ ಅಂತ ಕೆಲವರು ಬರೀತಾರೆ, ಅದು ನಿಜವಲ್ಲ. 1969ರಲ್ಲೇ ಒಂದೊಂದು ಗಂಟೆಯ ಎರಡು ಕಾರ್ಯಕ್ರಮ ಟಿವಿಯಲ್ಲಿ ಬಂದವು. ಆಮೇಲೆ ಮೌನ. ಕಪ್ಪು ವುಡ್‌ಸ್ಟಾಕ್ ಅಂತ ಹೆಸರು ಬದಲಿಸಿ ಮಾರಲು ನೋಡಿದ. ತನ್ನ ಜಾತ್ರೆಯನ್ನು ಇನ್ನೊಬ್ಬರ ಜಾತ್ರೆಯ ಹೆಸರಲ್ಲಿ ಕೂಗಿ ಮಾರಬೇಕಾದ ಗತಿ ನೋಡಿ! ಆಗಲೂ ಕೊಳ್ಳುವವರಿಲ್ಲ. ಟೇಪುಗಳು ಅವನ ಮನೆಯ ನೆಲಮಾಳಿಗೆ ಸೇರಿದವು. ಪಾರ್ಕಿಗೆ 1973ರಲ್ಲಿ ಮಾರ್ಕಸ್ ಗಾರ್ವಿ ಅಂತ ಹೊಸ ಹೆಸರು ಬಂತು. ಟಲ್ಚಿನ್ 2017ರಲ್ಲಿ ತೀರಿಕೊಂಡ.

ಈಗ ನಮ್ಮ ಕಡೆ ನೋಡಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಮೆರವಣಿಗೆ ಊರಿಂದ ಊರಿಗೆ ಹೋಗಿದ್ದೇ ಹಾಡಿನ ಮೇಲೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾಯಿತು, ಪದ ಉಳಿಯಿತು. ಆ ಪದವನ್ನು ರಸ್ತೆ ತುಂಬ ಜನ ಎತ್ತಿಕೊಂಡಾಗ ಹೇಗೆ ಕೇಳಿಸಿತು, ತಮಟೆ ಎಲ್ಲಿ ಬಿತ್ತು, ಹೆಣ್ಣುಮಕ್ಕಳು ಯಾವ ಸಾಲಲ್ಲಿ ದನಿ ಏರಿಸಿದರು? ಅದು ಅಚ್ಚಿಗೆ ಸಿಗುವಂಥದ್ದಲ್ಲ. ಮೇಷ್ಟ್ರೇ, ನಿಮ್ಮ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇದ್ದರೆ ಗುಜರಿಯವನಿಗೆ ಕೊಡುವ ಮುಂಚೆ ಒಂದು ಸಲ ಹಾಕಿ ಕೇಳಿ. ಮೇಲೆ ಸಿನಿಮಾ ಹಾಡು ಅಂತ ಬರೆದಿದ್ದರೂ ಒಳಗೆ ಏನಿದೆಯೋ.

ಹಾರ್ಲೆಮಿನ ಟೇಪು ಕೊನೆಗೆ 2021ರಲ್ಲಿ 'ಸಮ್ಮರ್ ಆಫ್ ಸೋಲ್' ಅನ್ನೋ ಸಿನಿಮಾ ಆಯಿತು. ಮಾಡಿದವನು ಕ್ವೆಸ್ಟ್‌ಲವ್ ಅನ್ನೋ ಕಪ್ಪು ಡೋಲುಗಾರ. ಅದರಲ್ಲಿ ಒಬ್ಬ ನಡುವಯಸ್ಸು ದಾಟಿದವನಿದ್ದಾನೆ. ಐದು ವರ್ಷದ ಹುಡುಗನಾಗಿ ಆ ಪಾರ್ಕಿನಲ್ಲಿ ಕೂತಿದ್ದವನು. ಬಣ್ಣದ ಚಿತ್ರ ಕಣ್ಣಮುಂದೆ ಓಡುವಾಗ ಅವನ ಕಣ್ಣಲ್ಲಿ ನೀರು. ನನಗೆ ಹುಚ್ಚಲ್ಲ ಅಂತ ಈಗ ಗೊತ್ತಾಯ್ತು ಅನ್ನೋ ಅರ್ಥದ ಮಾತಾಡುತ್ತಾನೆ. ಐವತ್ತು ವರ್ಷ ಯಾರೂ ಆ ಜಾತ್ರೆಯ ಸುದ್ದಿ ಎತ್ತದೆ ಇದ್ದದ್ದಕ್ಕೆ ತಾನು ಕಂಡದ್ದನ್ನೇ ನಂಬೋದು ಅವನಿಗೆ ಕಷ್ಟವಾಗಿತ್ತು.

2022ರ ಮಾರ್ಚಿನಲ್ಲಿ ಈ ಸಿನಿಮಾಕ್ಕೂ ಆಸ್ಕರ್ ಬಂತು, ವುಡ್‌ಸ್ಟಾಕಿಗೆ ಬಂದ ಐವತ್ತೊಂದು ವರ್ಷದ ಮೇಲೆ. ಆ ಪ್ರಶಸ್ತಿ ಕೊಡಲು ವೇದಿಕೆ ಹತ್ತಿದ್ದ ಕ್ರಿಸ್ ರಾಕ್‌ನ ಕೆನ್ನೆಗೆ ಅದೇ ಗಳಿಗೆಯಲ್ಲಿ ವಿಲ್ ಸ್ಮಿತ್ ಬಂದು ಹೊಡೆದ. ಮಾರನೆಯ ದಿನ ಜಗತ್ತಿನ ಪತ್ರಿಕೆಗಳ ತುಂಬ ಆ ಏಟಿನ ಸುದ್ದಿ. ಸಿನಿಮಾದ ಉದ್ದ ಎರಡು ಗಂಟೆಗೆ ಮೂರು ನಿಮಿಷ ಕಡಿಮೆ. ನಲವತ್ತು ಗಂಟೆಯಲ್ಲಿ ಉಳಿದದ್ದೆಲ್ಲ ಅದರ ಹೊರಗೇ ಉಳಿಯಿತು.