ಹುಟ್ಟಿನಿಂದ ಬ್ಯಾಟರಿಗೆ: ನಮ್ಮ ಕೆರೆ ದೋಣಿಯ ಕತೆ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಇತಿಹಾಸ ಬರೆದು ಕೊಡ್ರಿ ಎಂದು ಕಾರ್ಯದರ್ಶಿಗಳು ಗಂಟು ಬಿದ್ದರು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ಒಕ್ಕಲುತನ ಹಿಡಿದವನು. ರಾಜ ಮಹಾರಾಜರ ಇತಿಹಾಸ ನನಗೆ ಬಾರದು. ಠರಾವು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದ, ಆದರೆ ಆಡಳಿತ ಮಂಡಳಿಯ ಮೂರು ಸಭೆ ನುಂಗಿದ ಒಂದು ಸಂಗತಿ ಬರೆಯುತ್ತೇನೆ. ಅದು ಮೀನು ಹಿಡಿಯುವ ನಮ್ಮ ಸದಸ್ಯರ ದೋಣಿಗೆ ಮೋಟಾರ ಸಾಲ ಕೊಟ್ಟ ಸಂಗತಿ.

ಅರ್ಜಿಯಲ್ಲಿ ‘ಟ್ರೋಲಿಂಗ್ ಮೋಟಾರ’ ಎಂದಿತ್ತು. ಓದಿದ ಕೂಡಲೇ ಒಬ್ಬ ನಿರ್ದೇಶಕರು, “ಟ್ರಾಲಿ ಎಳಿಯಾಕ ಟ್ರ್ಯಾಕ್ಟರ ಐತಲ್ಲ, ಮತ್ತ ಮೋಟಾರ ಯಾಕ?” ಅಂದರು. ಇನ್ನೊಬ್ಬರು ಕಾರವಾರದ ಟ್ರಾಲ್ ಬೋಟು ಎಂದು ತಿಳಿದು, ಕೆರೆಯ ಮೀನೆಲ್ಲ ಬಳಿದು ಹೋದೀತು ಎಂದು ಹೆದರಿದರು. ಎರಡೂ ಅಲ್ಲ. ಸಮುದ್ರದ ಟ್ರಾಲ್ ಅಂದರೆ ಬೋಟಿನ ಹಿಂದೆ ದೊಡ್ಡ ಬಲೆ ಎಳೆಯುವುದು. ಟ್ರೋಲಿಂಗ್ ಅಂದರೆ ದೋಣಿಯ ಹಿಂದೆ ಗಾಳದ ದಾರ ಬಿಟ್ಟು ನಿಧಾನಕ್ಕೆ ಸಾಗುವುದು. ಹಾಗೆ ಸದ್ದಿಲ್ಲದೆ ಸಾಗಲು ಮಾಡಿದ ಸಣ್ಣ ಬ್ಯಾಟರಿ ಮೋಟಾರಿಗೆ ಆ ಹೆಸರು ನಿಂತಿತು. ನಮ್ಮವರು ಗಾಳ ಎಳೆಯುವವರಲ್ಲ, ಬಲೆಯವರು. ಬಲೆ ಇಟ್ಟ ಜಾಗಕ್ಕೆ ಹೋಗಿ ಬರಲು ಮೋಟಾರ ಬೇಕಿತ್ತು, ಅಷ್ಟೆ.

ಮೊದಲೆಲ್ಲ ನಮ್ಮ ಕಡೆ ಕೆರೆಗೆ ಹರಿಗೋಲು. ಬಿದಿರು ಹೆಣೆದು, ಹಿಂದೆ ಚರ್ಮ, ಆಮೇಲೆ ಡಾಂಬರು ಬಳಿದ ಚೀಲ ಹೊದಿಸುತ್ತಿದ್ದರು. ಅದಕ್ಕೆ ಹುಟ್ಟೇ ಇಂಜಿನ್, ರಟ್ಟೆಯೇ ಎಣ್ಣೆ. ಹರಿಯುವ ಕಾಳಿ ನದಿಯಲ್ಲಿ ಇಳಿಜಾರಿಗೆ ಹೋಗುವವನಿಗೆ ನೀರೇ ಅರ್ಧ ಕೆಲಸ ಮಾಡಿಕೊಡುತ್ತಿತ್ತು. 1987ರಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಮುಗಿಯಿತು. ಹಳೆಯ ಸೂಪಾ ಊರು ನೀರಿನ ಪಾಲಾಗಿ, ತಾಲೂಕಿನ ಹೆಸರೇ ಜೋಯಿಡಾ ಆಯಿತು. ಕೆಳಗೆ ಬೊಮ್ಮನಹಳ್ಳಿಯಲ್ಲಿ ನೀರು ಕಟ್ಟಿ ನಾಗಝರಿ ವಿದ್ಯುದಾಗಾರಕ್ಕೆ ಒಯ್ದರು. ಓಡುವ ನದಿ ಅಲ್ಲಲ್ಲಿ ಕೆರೆಯಾಗಿ ನಿಂತಿತು. ನಿಂತ ನೀರಿಗೆ ಸೆಳವಿಲ್ಲ, ಗಾಳಿ ಮಾತ್ರ ಐತಿ, ಅಗಲವೂ ಹೆಚ್ಚು. ಹುಟ್ಟು ಹಾಕುವವನ ರಟ್ಟೆಗೆ ಕೆಲಸ ಹೆಚ್ಚಾದದ್ದು ಹೀಗೆ. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ಮೇಲೆ ನಮ್ಮವರು ಮಾತ್ರ ಕೈಯಿಂದ ಜಗ್ಗುತ್ತಲೇ ಇದ್ದರು ಎಂಬುದು ನನಗೆ ಆಗಾಗ ಚುಚ್ಚುತ್ತದೆ.

ನಮ್ಮದೇ ಜಿಲ್ಲೆಯ ಕರಾವಳಿ ಮೊದಲೇ ಯಂತ್ರ ಕಂಡಿತ್ತು. 1952ರಲ್ಲಿ ಒಪ್ಪಂದವಾದ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಆರಂಭವಾಗಿ, ಮುಂದೆ ಅರವತ್ತರ ದಶಕದಲ್ಲಿ ಕಾರವಾರಕ್ಕೂ ಬಂತು. ಆಮೇಲೆ ಸಣ್ಣ ನಾಡದೋಣಿಗಳ ಬೆನ್ನಿಗೂ ಸೀಮೆಎಣ್ಣೆಯ ಔಟ್‌ಬೋರ್ಡ್ ಮೋಟಾರ ಕಂಡವು. ಈ ಔಟ್‌ಬೋರ್ಡನ್ನು 1909ರಿಂದ ಅಮೇರಿಕದಲ್ಲಿ ಮಾರಿ ಹೆಸರಾದ ಓಲೆ ಎವಿನ್‌ರೂಡ್ ಕೂಡ ಹುಟ್ಟಿನಿಂದ ನಾರ್ವೆಯವನೇ.

ಆದರೆ ಬ್ಯಾಟರಿ ದೋಣಿ ಅದಕ್ಕಿಂತ ಹಳೆಯದು ಎಂದರೆ ನಂಬುತ್ತೀರಾ? ರಷ್ಯಾದ ನೇವಾ ನದಿಯಲ್ಲಿ ಯಾಕೋಬಿ ಎಂಬ ವಿಜ್ಞಾನಿ 1838ರಲ್ಲೇ ಜನ ಕೂರಿಸಿ ಓಡಿಸಿದ್ದ. 1881ರಲ್ಲಿ ಟ್ರೂವೆ ಎಂಬವನು ಪ್ಯಾರಿಸ್ಸಿನ ಸೇನ್ ನದಿಯಲ್ಲಿ, ಬಿಚ್ಚಿ ತೆಗೆಯಬಹುದಾದ ವಿದ್ಯುತ್ ಮೋಟಾರ ಕಟ್ಟಿ ತೋರಿಸಿದ. ಟ್ರೋಲಿಂಗ್ ಮೋಟಾರ ಪೇಟೆಗೆ ಬಂದದ್ದು 1934ರಲ್ಲಿ. ಅಮೇರಿಕದ ಫಾರ್ಗೋ ಎಂಬ ಊರಿನ ಶ್ಮಿಟ್ ಎಂಬವನು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ದಂಡ, ಪಂಖಾ ಜೋಡಿಸಿದ. ಮಿನ್ ಕೋಟಾ ಕಂಪನಿ ಹುಟ್ಟಿದ್ದು ಅದರಿಂದಲೇ. ನಮ್ಮ ಟ್ರ್ಯಾಕ್ಟರಿನ ‘ಸೆಲ್ಫ್’ ಇದ್ದಂಗ ಅನ್ನಿರಿ.

ಈ ಸೆಲ್ಫ್ ಮಾತಿನಿಂದಲೇ ನಾನು ಎಡವಿದೆ. ಸೆಲ್ಫ್ ತಿರುಗಿಸುವ ಟ್ರ್ಯಾಕ್ಟರ ಬ್ಯಾಟರಿ ಇದನ್ನೂ ತಿರುಗಿಸೀತು ಎಂದು ಸಭೆಯಲ್ಲಿ ವಾದ ಮಾಡಿ, ಅರ್ಜಿಯಲ್ಲಿ ಬ್ಯಾಟರಿಗೆ ಕೇಳಿದ ರೊಕ್ಕ ಹೊಡೆಸಿ ಹಾಕಿದವನು ನಾನೇ. ಸಂಘದ ಹಣ ಉಳಿಸಿದೆ ಎಂಬ ಹೆಮ್ಮೆ ಬೇರೆ. ಎರಡು ತಿಂಗಳು ಓಡಿತು. ಒಂದು ದಿನ ಅಡ್ಡಮಳೆಯ ಗಾಳಿ ಎದ್ದಾಗ ಕೆರೆಯ ನಡುಮಧ್ಯ ಬ್ಯಾಟರಿ ಕೈ ಕೊಟ್ಟಿತು. ಮೋಟಾರ ಇದೆಯಲ್ಲ ಎಂದು ಹುಟ್ಟನ್ನು ದಂಡೆಯಲ್ಲೇ ಬಿಟ್ಟು ಹೋಗಿದ್ದರು. ಅಪ್ಪ, ಮಗ ಇಬ್ಬರೂ ಅಂಗೈಯಿಂದ ನೀರು ಜಗ್ಗಿ, ಕತ್ತಲಾದ ಮೇಲೆ ಆಚೆ ದಡದ ಕೆಸರಿಗೆ ಬಂದು ಹತ್ತಿದರು. ಮರುದಿನ ಆ ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆಮೇಲೆ ಕೇಳಿ ತಿಳಿದುಕೊಂಡೆ. ಟ್ರ್ಯಾಕ್ಟರ ಬ್ಯಾಟರಿಯ ಪ್ಲೇಟು ತೆಳು. ಗಳಿಗೆ ಹೊತ್ತು ಭಾರಿ ಕರೆಂಟು ಕೊಟ್ಟು ಕೂಡಲೇ ಮತ್ತೆ ತುಂಬಿಕೊಳ್ಳುವುದು ಅದರ ಕೆಲಸ. ತಾಸುಗಟ್ಟಲೆ ಬಸಿದರೆ ಕೆಡುತ್ತದೆ. ದೋಣಿಗೆ ಬೇಕಾದದ್ದು ಆಳವಾಗಿ ಬಸಿದರೂ ತಾಳುವ ಡೀಪ್ ಸೈಕಲ್ ಬ್ಯಾಟರಿ. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಈ ಜಾತಿಯದೇ, ಆದರೆ ಕಲ್ಲಿನಂತೆ ಭಾರ, ದೋಣಿ ವಾಲಿದರೆ ಆಸಿಡ್ ಚೆಲ್ಲುವ ಭಯ. ಲಿಥಿಯಂ ಬ್ಯಾಟರಿ ಹಗುರ, ಬೆಲೆ ಮಾತ್ರ ಹಗುರಲ್ಲ.

ಮೋಟಾರಿನ ಬಲವನ್ನು ಪೌಂಡಿನ ಲೆಕ್ಕದಲ್ಲಿ ಹೇಳುತ್ತಾರೆ. ದೋಣಿ, ಜನ, ಬಲೆ, ಮೀನು ಎಲ್ಲ ಸೇರಿದ ತೂಕದ ಪ್ರತಿ 45 ಕಿಲೋಗೆ 2 ಪೌಂಡು ಬಲ ಎಂಬುದು ರೂಢಿಯ ಅಳತೆ. ನಮ್ಮದು 300 ಕಿಲೋ, ಅಂದರೆ 14 ಪೌಂಡು. ಎದುರುಗಾಳಿಗೆ ಇಮ್ಮಡಿ ಹಿಡಿದು 30 ಪೌಂಡಿನದು ತರಿಸಿದೆವು. ಪೂರ್ತಿ ಬಿಟ್ಟರೆ ಅದು 12 ವೋಲ್ಟಿನಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಅರ್ಧ ಅಶ್ವಶಕ್ತಿಯೂ ಇಲ್ಲ! 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಆಯುಷ್ಯ ಕಡಿಮೆ. ಹಾಗಾಗಿ ಪೂರ್ತಿ ವೇಗದಲ್ಲಿ ಒಂದೂವರೆ ತಾಸು, ನಿಧಾನಕ್ಕೆ ಹೋದರೆ ಅದರ ಎರಡು ಮೂರು ಪಟ್ಟು. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಲು ಹೆಚ್ಚುಕಡಿಮೆ ಒಂದು ಯುನಿಟ್. ವೈರು ದಪ್ಪ ಇರಲಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಮೋಟಾರು ಹರಿಗೋಲಿಗೆ ಒಗ್ಗದು, ಬುಗುರಿಯಂತೆ ಗರಗರ ತಿರುಗುತ್ತದೆ. ಹಿಂಬದಿ ಚಪ್ಪಟೆ ಇರುವ ದೋಣಿಯೇ ಬೇಕು.

ಎಲ್ಲ ಕಡೆಗೂ ಬ್ಯಾಟರಿಯೇ ಸರಿ ಎಂದು ನಾನು ಹೇಳಲಾರೆ. ಸೂಪಾದಂಥ ವಿಶಾಲ ಹಿನ್ನೀರಿಗೆ, ದೂರ ಹೋಗುವವರಿಗೆ ಪೆಟ್ರೋಲ್ ಔಟ್‌ಬೋರ್ಡೇ ವಾಸಿ. ಆದರೆ ದನ ನೀರು ಕುಡಿಯುವ ಊರ ಕೆರೆಯಲ್ಲಿ ಎಣ್ಣೆ ತೇಲುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಪಂಖಾಕ್ಕೆ ಜೊಂಡು, ಬಲೆ ಸುತ್ತಿದರೆ ಮೊದಲು ವೈರು ಬಿಚ್ಚಿ ಮೋಟಾರ ಮೇಲೆತ್ತಿ ಬಿಡಿಸಿರಿ. ದಾಂಡೇಲಿ ಕಡೆಯ ಬೀಗರಿಗೆ ಇದನ್ನು ಹೇಳಿದರೆ, “ನಮ್ಮ ಕಾಳಿಯೊಳಗ ನೀರಿಗೆ ಕೈ ಹಾಕೋ ಮಾತ ಬ್ಯಾಡ, ಮೊಸಳಿ ಅದಾವ” ಎಂದು ನಕ್ಕರು.

ಮೂರನೇ ಸಭೆಯಲ್ಲಿ, ಹೊಡೆದು ಹಾಕಿದ ಬ್ಯಾಟರಿ ರೊಕ್ಕವನ್ನು ಮಂಜೂರು ಮಾಡಲು ನಾನೇ ಸೂಚಿಸಿದೆ. ಸಾಲದ ಕಂತು ತಪ್ಪಿಲ್ಲ. ಈಗ ಆ ದೋಣಿಯಲ್ಲಿ ಎರಡು ಹುಟ್ಟು ಇರುತ್ತವೆ, ಎರಡನ್ನೂ ಹಗ್ಗದಿಂದ ದೋಣಿಗೇ ಕಟ್ಟಿದ್ದಾರೆ.