ಎಡ್ಜ್ ಪೋರ್ಟ್ ಮತ್ತು ಜಾಲದ ಚೇತರಿಕೆ: ಆರ್‌ಎಸ್‌ಟಿಪಿ ಸಂರಚನೆಯ ಮರುಪರಿಶೀಲನೆ

ಸ್ವಿಚ್ಚಿನ ಪೋರ್ಟೊಂದನ್ನು ಎಡ್ಜ್ ಎಂದು ಗುರುತಿಸುವುದು, ಸಿಸ್ಕೋ ಮಾತಿನಲ್ಲಿ ಪೋರ್ಟ್‌ಫಾಸ್ಟ್ ಹಾಕುವುದು, ಅದಕ್ಕೆ ತಗುಲಿಸಿದ ಕಂಪ್ಯೂಟರ್ ಬೇಗ ಜಾಲ ಸೇರಲೆಂದು ಮಾತ್ರ ಎಂಬ ತಿಳಿವಳಿಕೆ ರೂಢಿಯಲ್ಲಿದೆ. ಗುರುತು ಬಿಟ್ಟುಹೋದರೆ ಇಡೀ ಜಾಲದ ಚೇತರಿಕೆಗೇ ಪೆಟ್ಟು ಬೀಳುತ್ತದೆ ಎಂಬುದು ಈ ಲೇಖನದ ವಾದ.

ಈಥರ್‌ನೆಟ್ ಫ್ರೇಮಿಗೆ ಆಯುಷ್ಯದ ಮಿತಿಯಿಲ್ಲ. ಲೂಪಿಗೆ ಸಿಕ್ಕ ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತದೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ 1985ರಲ್ಲಿ ಪ್ರಕಟಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನವು 1990ರಲ್ಲಿ ಐಇಇಇ 802.1ಡಿ ಮಾನಕವಾಯಿತು. ಅದರಲ್ಲಿ ಪೋರ್ಟ್ ಲಿಸನಿಂಗ್‌ನಲ್ಲಿ 15, ಲರ್ನಿಂಗ್‌ನಲ್ಲಿ 15 ಸೆಕೆಂಡ್ ಕಾಯಬೇಕಿತ್ತು. 2001ರ 802.1ಡಬ್ಲ್ಯು, ಅಂದರೆ ಆರ್‌ಎಸ್‌ಟಿಪಿ, ಈ ಕಾಯುವಿಕೆಯ ಬದಲು ನೆರೆಯ ಸ್ವಿಚ್ಚುಗಳ ನಡುವೆ ಪ್ರಪೋಸಲ್ ಮತ್ತು ಅಗ್ರಿಮೆಂಟ್ ವಿನಿಮಯವನ್ನು ತಂದಿತು.

ಎರಡು ಅಪ್‌ಲಿಂಕ್‌ಗಳಿರುವ ಆ್ಯಕ್ಸೆಸ್ ಸ್ವಿಚ್ಚೊಂದನ್ನು ತೆಗೆದುಕೊಳ್ಳೋಣ. ಮುಖ್ಯ ಕೇಬಲ್ ಕಡಿದರೆ ಆಲ್ಟರ್ನೇಟ್ ಪೋರ್ಟ್ ಕೂಡಲೇ ರೂಟ್ ಪೋರ್ಟಾಗುತ್ತದೆ. ಬಳಕೆದಾರರಿಗೆ ಅದು ಗೊತ್ತಾಗುವುದೇ ಕಷ್ಟ. ತೊಂದರೆ ಶುರುವಾಗುವುದು ಕೇಬಲ್ ದುರಸ್ತಿಯಾಗಿ ಮರಳಿದಾಗ. ಮೇಲಿನ ಸ್ವಿಚ್ ಪ್ರಪೋಸಲ್ ಕಳಿಸುತ್ತದೆ. ಒಪ್ಪಿಗೆ ಕೊಡುವ ಮುನ್ನ ಕೆಳಗಿನ ಸ್ವಿಚ್, ಎಡ್ಜ್ ಅಲ್ಲದ ತನ್ನ ಡೆಸಿಗ್ನೇಟೆಡ್ ಪೋರ್ಟುಗಳನ್ನೆಲ್ಲ ಡಿಸ್ಕಾರ್ಡಿಂಗ್ ಸ್ಥಿತಿಗೆ ತಳ್ಳುತ್ತದೆ. ಆ ಪೋರ್ಟುಗಳೂ ತಮ್ಮಾಚೆಗೆ ಪ್ರಪೋಸಲ್ ಕಳಿಸಿ ಉತ್ತರಕ್ಕೆ ಕಾಯುತ್ತವೆ. ಆಚೆಗಿರುವುದು ಪ್ರಿಂಟರು, ಡೆಸ್ಕ್‌ಟಾಪು. ಅವು ಬಿಪಿಡಿಯುಗೆ, ಅಂದರೆ ಸ್ಪ್ಯಾನಿಂಗ್ ಟ್ರೀ ಸಂದೇಶಕ್ಕೆ, ಉತ್ತರ ಕೊಡುವುದಿಲ್ಲ. ಹಾಗಾಗಿ ಹಲವು ಸ್ವಿಚ್ಚುಗಳಲ್ಲಿ ಮತ್ತೆ ಅದೇ 30 ಸೆಕೆಂಡ್. ಕೊಂಡಿ ಕಡಿದಾಗ ನಿಲ್ಲದ ಕೆಲಸ, ಕೊಂಡಿ ಕೂಡಿದಾಗ ನಿಲ್ಲುತ್ತದೆ! ಗುರುತಿಸಿದ ಎಡ್ಜ್ ಪೋರ್ಟುಗಳಿಗೆ ಈ ತಡೆ ತಟ್ಟುವುದೇ ಇಲ್ಲ.

ಇನ್ನೊಂದು ನಷ್ಟವೂ ಇದೆ. ಎಡ್ಜ್ ಅಲ್ಲದ ಪೋರ್ಟ್ ಫಾರ್ವರ್ಡಿಂಗ್‌ಗೆ ಬಂದಾಗಲೆಲ್ಲ ಟೊಪಾಲಜಿ ಬದಲಾಯಿತೆಂಬ ಸುದ್ದಿ ಹೊರಡುತ್ತದೆ. ಸ್ವಿಚ್ಚುಗಳು ಕಲಿತಿದ್ದ ಮ್ಯಾಕ್ ವಿಳಾಸಗಳನ್ನು ಅಳಿಸುತ್ತವೆ, ಫ್ರೇಮುಗಳು ಎಲ್ಲೆಡೆ ಹರಿಯುತ್ತವೆ. ಬೆಳಗ್ಗೆ ಕಚೇರಿಯ ಒಂದೊಂದು ಕಂಪ್ಯೂಟರ್ ಶುರುವಾದಾಗಲೂ ಇದು ಮರುಕಳಿಸಬಲ್ಲದು. ಬಿಪಿಡಿಯು ಬಾರದ ಪೋರ್ಟನ್ನು 3 ಸೆಕೆಂಡಿನಲ್ಲಿ ತಾನಾಗಿ ಎಡ್ಜ್ ಎಂದೆಣಿಸುವ ಸೌಲಭ್ಯ 2004ರ ಮಾನಕದಲ್ಲಿದೆ, ಆದರೆ ಎಲ್ಲ ಸಾಧನಗಳೂ ಅದನ್ನು ಪಾಲಿಸುವುದಿಲ್ಲ.

ಗುರುತಿನ ಜೊತೆಗೆ ಬಿಪಿಡಿಯು ಗಾರ್ಡ್ ಇರಲೇಬೇಕು: ಯಾರಾದರೂ ಆ ಪೋರ್ಟಿಗೆ ಸ್ವಿಚ್ ಚುಚ್ಚಿದರೆ ಅದು ಪೋರ್ಟನ್ನು ಮುಚ್ಚುತ್ತದೆ. ಬಿಪಿಡಿಯು ಫಿಲ್ಟರನ್ನು ಇದರ ಬದಲಿಗೆ ಬಳಸಬಾರದು, ಏಕೆಂದರೆ ಅದು ಲೂಪಿನ ಸುಳಿವನ್ನೇ ಮರೆಮಾಡುತ್ತದೆ. ಅಪ್‌ಲಿಂಕ್‌ಗಳು ಫುಲ್ ಡ್ಯೂಪ್ಲೆಕ್ಸ್ ಇವೆಯೇ ಎಂದೂ ನೋಡಬೇಕು. ಹಾಫ್ ಡ್ಯೂಪ್ಲೆಕ್ಸ್ ಕೊಂಡಿಯನ್ನು ಆರ್‌ಎಸ್‌ಟಿಪಿ ಹಂಚಿಕೆಯ ಮಾಧ್ಯಮವೆಂದು ಎಣಿಸಿ ಟೈಮರಿಗೇ ಮರಳುತ್ತದೆ. ಹೊಸ ಜಾಲದ ಪರೀಕ್ಷೆಯಲ್ಲಿ ಕೇಬಲ್ ಕಿತ್ತು ಪಿಂಗ್ ನೋಡಿದರೆ ಸಾಲದು, ಮತ್ತೆ ಚುಚ್ಚಿಯೂ ನೋಡಬೇಕು.