ಎಂಟೋ, ಒಂಬತ್ತೋ

ನಮ್ಮ ಚಿಮ್ಮಡದ ಮನೆಯಲ್ಲಿ ಈ ಬ್ಯಾನಿಗೆ ಮೊದಲಿದ್ದ ಹೆಸರು ಒಂದೇ: ‘ರಕ್ತ ನೀರಾಗೈತಿ’. ಅವ್ವನ ತಮ್ಮ ಹಲ್ಲು ಕೀಳಿಸಿಕೊಂಡು ಬಂದು, ಮೂರನೆಯ ದಿನವೂ ರಕ್ತ ನಿಲ್ಲದೆ ತೀರಿಹೋದಾಗ ಹಿರಿಯರು ಅಂದದ್ದು ಅಷ್ಟೇ. 1986ರಲ್ಲಿ ಬನಹಟ್ಟಿಗೆ ಕೊಟ್ಟ ಅಕ್ಕನ ಮಗ ಅಂಬೆಗಾಲಿಡುವಾಗಲೇ ಅವನ ಮೊಣಕಾಲು ಬಾತಿತು. ಮಗ್ಗದ ಮನೆ, ಕೂಸು ಎಲ್ಲೋ ತಾಕಿಸಿಕೊಂಡಿದೆ ಎಂದು ಅರಿಸಿನ ಸುಣ್ಣ ಹಚ್ಚಿದರು. ಸತ್ತವನಿಗೂ ಈ ಕೂಸಿಗೂ ಒಂದೇ ಬ್ಯಾನಿ ಎಂದು ಯಾರಿಗೂ ಹೊಳೆಯಲಿಲ್ಲ.

ರಕ್ತ ನೀರಾಗಿರುವುದಿಲ್ಲ. ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಕಡಿಮೆ ಇರುತ್ತದೆ, ಅಷ್ಟೇ. ಗಾಯವಾದರೆ ರಕ್ತ ಉಳಿದವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಗಾಯವೇ ಇಲ್ಲದೆ ಕೀಲಿನೊಳಗೂ ಸೋರುತ್ತದೆ.

1828ರಲ್ಲಿ ಜರ್ಮನ್ ವೈದ್ಯ ಷೋನ್‌ಲೈನ್‌ನ ಶಿಷ್ಯ ಹಾಪ್ಫ್ ತನ್ನ ಪ್ರಬಂಧದಲ್ಲಿ ಹಿಮೋಫಿಲಿಯಾ ಎಂದು ಬರೆದ. ಗ್ರೀಕಿನಲ್ಲಿ ಅದರ ಅರ್ಥ ರಕ್ತಪ್ರೀತಿ! ನಲವತ್ತು ವರ್ಷ ಕನ್ನಡ ಕಲಿಸಿದವನು ನಾನು, ಇಂಥ ಪದ ಕಂಡರೆ ಕೆಂಪು ಗೆರೆ ಎಳೆಯಬೇಕೆನಿಸುತ್ತದೆ. ನಮ್ಮವರು ‘ಕುಸುಮ ರೋಗ’ ಎಂದರು. ಕೇಳಲು ಚೆಂದ. ಆದರೆ ದವಾಖಾನೆಯ ಚೀಟಿಯಲ್ಲಿ ಆ ಹೆಸರು ಬರುವುದೇ ಇಲ್ಲ.

ಚೀಟಿಯಲ್ಲಿ ಬರುವುದು ಹಳೆಯ ಗಡಿಯಾರದ ಮೇಲಿನಂಥ ರೋಮನ್ ಅಂಕಿ. ಅದರಲ್ಲೇ ನಾವು ಎಡವಿದ್ದು. ಆ ಅಂಕಿ ಹೆಪ್ಪುಗಟ್ಟಿಸುವ ಪ್ರೋಟೀನಿನದು, ವೈದ್ಯರ ಮಾತಿನಲ್ಲಿ ಫ್ಯಾಕ್ಟರ್. ಎಂಟನೆಯ ಫ್ಯಾಕ್ಟರ್ ಕಡಿಮೆಯಾದರೆ ಹಿಮೋಫಿಲಿಯಾ ಎ, ಒಂಬತ್ತನೆಯದಾದರೆ ಬಿ. 1952ರವರೆಗೆ ವೈದ್ಯರೂ ಎರಡನ್ನೂ ಒಂದೇ ಎಂದುಕೊಂಡಿದ್ದರು. ಆ ವರ್ಷ ಆಕ್ಸ್‌ಫರ್ಡ್‌ನವರು ಸ್ಟೀಫನ್ ಕ್ರಿಸ್‌ಮಸ್ ಎಂಬ ಹುಡುಗನ ರಕ್ತದಲ್ಲಿ ಬೇರೆಯದೇ ಕೊರತೆ ಕಂಡು, ಅವನ ಅಡ್ಡಹೆಸರನ್ನೇ ರೋಗಕ್ಕಿಟ್ಟರು. ವರದಿ ಬಂದದ್ದೂ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಕ್ರಿಸ್‌ಮಸ್ ಸಂಚಿಕೆಯಲ್ಲೇ. ಆ ಸ್ಟೀಫನ್ 1993ರಲ್ಲಿ ತೀರಿಕೊಂಡ, ಚಿಕಿತ್ಸೆಗೆಂದು ಪಡೆದ ರಕ್ತದಿಂದಲೇ ಅಂಟಿದ ಏಡ್ಸ್‌ನಿಂದ.

ನಮ್ಮ ಹುಡುಗನದೂ ಒಂಬತ್ತು. ಅದು ತಿಳಿಯದೆ ಒಂದು ದವಾಖಾನೆಯಲ್ಲಿ ಅವನಿಗೆ ಎರಡು ವರ್ಷ ಕ್ರಯೋ ಏರಿಸಿದರು. ಕ್ರಯೋ ಎಂದರೆ 1964ರ ಸುಮಾರಿಗೆ ಅಮೆರಿಕದ ಜೂಡಿತ್ ಪೂಲ್ ಕಂಡುಕೊಂಡದ್ದು: ಮಂಜುಗಡ್ಡೆಯಾಗಿಸಿದ ಪ್ಲಾಸ್ಮಾವನ್ನು ತಣ್ಣಗೆ, ನಿಧಾನವಾಗಿ ಕರಗಿಸಿದರೆ ತಳದಲ್ಲಿ ಒಂದು ಗಸಿ ನಿಲ್ಲುತ್ತದೆ. ಮಜ್ಜಿಗೆಯಲ್ಲಿ ಬೆಣ್ಣೆ ಮೇಲೆ ತೇಲುತ್ತದೆ, ಇದು ಕೆಳಗೆ ಕೂಡುತ್ತದೆ. ಅದರಲ್ಲಿ ಎಂಟು ಧಾರಾಳವಾಗಿರುತ್ತದೆ, ಒಂಬತ್ತು ಇರುವುದಿಲ್ಲ. ಮೊಣಕಾಲು ಮಡಚಿಕೊಂಡದ್ದು ಮಡಚಿಕೊಂಡೇ ಉಳಿಯಿತು.

ಆಮೇಲೆ ಯಾರೋ ದಾವಣಗೆರೆಯ ದಾರಿ ತೋರಿಸಿದರು. ಹುಟ್ಟಿನಿಂದ ಇದೇ ರೋಗವನ್ನು ಹೊತ್ತುಕೊಂಡೇ ವೈದ್ಯರಾದ ಡಾ. ಸುರೇಶ್ ಹನಗವಾಡಿಯವರು ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದ್ದಾರೆ. ಅಲ್ಲಿಂದ ಬಂದ ಮೇಲೆ ನಮ್ಮ ಮನೆಮಾತಿಗೆ ಹೊಸ ಪದಗಳು ಸೇರಿದವು. ರಕ್ತ ಸೋರುವ ಮೊದಲೇ ವಾರ ವಾರ ಫ್ಯಾಕ್ಟರ್ ಕೊಡುವುದು ಪ್ರೊಫಿಲಾಕ್ಸಿಸ್. ಕೊಟ್ಟ ಫ್ಯಾಕ್ಟರನ್ನೇ ವೈರಿಯೆಂದು ಬಗೆದು ಮೈ ಹುಟ್ಟಿಸುವ ಪ್ರತಿಕಾಯ ಇನ್‌ಹಿಬಿಟರ್.

ಅಕ್ಕನಿಗೆ ನುಂಗಲಾಗದ ಪದ ಕ್ಯಾರಿಯರ್, ರೋಗವನ್ನು ಮಕ್ಕಳಿಗೆ ದಾಟಿಸುವಾಕೆ. “ಅಂದ್ರ ನನ್ನ ಮಗಗ ಬ್ಯಾನಿ ಕೊಟ್ಟಾಕಿ ನಾನ ಏನೋ ತಮ್ಮಾ?” ಎಂದಳು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳೂ ಕ್ಯಾರಿಯರೇ ಇದ್ದಳು, ಅವಳ ಮಗ ಲಿಯೋಪೋಲ್ಡನಿಗೂ ಇದೇ ಇತ್ತು ಎಂದೆ. “ರಾಣಿ ಕಟಗೊಂಡು ನಾ ಏನ ಮಾಡ್ಲಿ” ಎಂದು ಎದ್ದುಹೋದಳು. ಹೌದಲ್ಲ, ನನ್ನ ಪುಸ್ತಕದ ಸಮಾಧಾನ ಅವಳಿಗೇಕೆ?

ಆದರೆ ಆ ಪದ ಒಂದು ಮದುವೆ ತಪ್ಪಿಸಿತು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ರೂಢಿ. ರೋಗವಿದ್ದ ಗಂಡು ಹಾಗೆ ಮಾಡಿಕೊಂಡು, ಹುಡುಗಿಯೂ ಕ್ಯಾರಿಯರ್ ಆಗಿದ್ದರೆ, ಹುಟ್ಟುವ ಹೆಣ್ಣುಕೂಸಿಗೂ ರೋಗ ಬರಬಹುದು. ನನ್ನ ಸೋದರಳಿಯ ತಾನೇ ಬೇಡವೆಂದ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾವೂ ಸೇರಿದೆ. ನಿಮ್ಮ ಮನೆಯಲ್ಲಿ ಇಂಥ ಹುಡುಗನಿದ್ದರೆ ಪ್ರಮಾಣಪತ್ರ ಮಾಡಿಸಿಡಿ. ಅದಕ್ಕೂ ಮೊದಲು ಅವನದು ಎಂಟೋ ಒಂಬತ್ತೋ ಕೇಳಿಕೊಂಡು, ಕನ್ನಡದಲ್ಲೇ ಚೀಟಿ ಬರೆದು ಅವನ ಕಿಸೆಯಲ್ಲಿಡಿ.